ಮೂರು ದೇಶದ ಡಾಕ್ಟರು, ಒಂದು ದವಡೆ ಹಲ್ಲು

ಜಕ್ಕಲಿಯ ಗೋಣೆಪ್ಪನ ದವಡೆ ಹಲ್ಲು ಬೀಗರ ಊಟದ ಹಿಂದಿನ ದಿನವೇ ನೋಯಲು ಹಿಡಿಯಿತು. ಬೇರೆ ದಿನವಾಗಿದ್ದರೆ ಗಂಜಿ ಕುಡಿದು ಮಲಗುತ್ತಿದ್ದ. ಆದರೆ ಮಗಳು ಕರೆವ್ವನನ್ನು ಗಜೇಂದ್ರಗಡಕ್ಕೆ ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ. ನಾಳೆ ಅಲ್ಲಿ ಹೋಳಿಗೆ ಊಟ. ಹೆಣ್ಣಿನ ತಂದೆ ಎಲೆಯ ಮುಂದೆ ಕುಳಿತು ಬಾಯಿ ಸೊಟ್ಟ ಮಾಡಿದರೆ ಅಡುಗೆಗೆ ಕುಂದು ಹೇಳಿದಂತೆ. ಆ ಮಾತನ್ನು ಪಾಪ, ಕರೆವ್ವ ವರ್ಷಗಟ್ಟಲೆ ಕೇಳಬೇಕು.

ಪಕ್ಕದ ಮನೆಯ ಹುಚ್ಚವ್ವ ಬಂದು ಹಲ್ಲಿಗೆ ಲವಂಗ ಇಟ್ಟಳು. ಎದುರುಮನೆಯ ಯಮನೂರಸಾಬ ಇಂಗು ತುರುಕಿದ. ಓಣಿಯವರೆಲ್ಲ ಬೆಳ್ಳುಳ್ಳಿ, ಉಪ್ಪು, ತಂಬಾಕು ತಂದರು. ಗೋಣೆಪ್ಪನ ಬಾಯಿ ಮಸಾಲೆ ಡಬ್ಬಿಯಂತಾಯಿತು. ನೋವು ಮಾತ್ರ ಕದಲಲಿಲ್ಲ.

"ರೋಣದ ಸಾಲ್ಯಾಗ ಇವತ್ತೊಂದಿನ ಹಲ್ಲಿನ ಡಾಕ್ಟರು ಬಂದಾರಂತ," ಎಂದ ಯಮನೂರಸಾಬ. "ಮೂರು ದೇಶದವರು. ಹಲ್ಲು ಎಲ್ಲಾ ದೇಶದಾಗೂ ನೋಯ್ತಾವ, ಕೂಡಿ ನೋಡೂಣು ಅಂತ ಊರೂರು ಹೊಂಟಾರಂತ."

"ಒಂದು ಹಲ್ಲಿಗೆ ಮೂರು ದೇಶ ಯಾಕೋ?" ಎಂದಳು ಹುಚ್ಚವ್ವ. "ಹಲ್ಲಿಗೆ ದಾರ ಕಟ್ಟಿ, ಆ ಕಡೆ ಎಮ್ಮಿ ಕೊರಳಿಗೆ ಕಟ್ಟಿ, ಎಮ್ಮಿ ಎಬ್ಬಿಸಿದ್ರ ಆತು."

"ಎಮ್ಮಿನೂ ಬ್ಯಾಡ, ಏನೂ ಬ್ಯಾಡ. ಇವತ್ತು ಈ ಬ್ಯಾನಿ ಇರಬೇಕು, ಇಲ್ಲಾ ನಾ ಇರಬೇಕು," ಎಂದು ಗೋಣೆಪ್ಪ ರುಮಾಲು ಸುತ್ತಿದ. ಯಮನೂರಸಾಬ ಕರೆಯದೆಯೇ ಜೊತೆಗೆ ಹೊರಟ.

ರೋಣದ ಶಾಲೆಯಲ್ಲಿ ಮೂರು ಕೋಣೆ. ಒಂದರಲ್ಲಿ ಇಂಗ್ಲೆಂಡಿನ ಡಾಕ್ಟರು ಬಾಯಿ ನೋಡುತ್ತಿದ್ದರು. ಇನ್ನೊಂದರಲ್ಲಿ ಜಪಾನಿನವರು ದವಡೆಗೆ ಜೋಮು ಹಿಡಿಯುವ ಸೂಜಿ ಚುಚ್ಚುತ್ತಿದ್ದರು. ಕಡೆಯದರಲ್ಲಿ ಡೆನ್ಮಾರ್ಕಿನವರು ಹಲ್ಲು ಕೀಳುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು. ಆದರೂ ಒಬ್ಬಳು ಹಿಟ್ಟು ನಾದಿ, ಒಬ್ಬಳು ಬಡಿದು, ಒಬ್ಬಳು ಬೇಯಿಸುವ ಓರಗಿತ್ತಿಯರಂತೆ ಕೆಲಸ ಸರಾಗ ಸಾಗಿತ್ತು. ಮೂರನೆಯ ಕೋಣೆಯ ಸುದ್ದಿಯನ್ನು ಮಾತ್ರ ಯಾರೂ ಗೋಣೆಪ್ಪನಿಗೆ ಹೇಳಲಿಲ್ಲ.

ಸೂಜಿ ಚುಚ್ಚಿದ ಮೇಲೆ ಕಂಪೌಂಡರ, "ಹೊರಗ ಕುಂಡ್ರಿ, ಹೆಸರು ಕರೀತೀನಿ," ಎಂದ. ಗೋಣೆಪ್ಪ ಬೇವಿನ ಗಿಡದ ಕೆಳಗೆ ಕುಳಿತ. ಸ್ವಲ್ಪ ಹೊತ್ತಿಗೆ ನೋವು ಮಾಯ. ಗಲ್ಲ ಹಿಸುಕಿದ, ಗುದ್ದಿದ. ಏನೂ ಇಲ್ಲ.

"ಆರಾಮಾತಲ್ಲೋ ಯಮನೂರ."

"ಸೂಜಿ ಮಾಡಿಸಿದ ಮ್ಯಾಲೆ ಇರತೈತೇನು?"

ಜ್ವರಕ್ಕೂ ಸೂಜಿ, ಕೆಮ್ಮಿಗೂ ಸೂಜಿ, ಚುಚ್ಚಿಸಿಕೊಂಡು ಮನೆಯ ಹಾದಿ ಹಿಡಿಯುವವರು ಅವರು. ಸೂಜಿಯ ನಂತರ ಇನ್ನೊಂದು ಕೆಲಸ ಉಳಿದಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

"ಹೆಸರು ಕರೀತೀನಿ ಅಂದಾನಲ್ಲ?"

"ಗುಳಿಗಿ ಕೊಡಾಕ ಇರಬೇಕು. ಇಲ್ಲದ ಬ್ಯಾನಿಗೆ ಗುಳಿಗಿ ಯಾಕ? ನಡಿ."

ಬಾಗಿಲಲ್ಲಿ ಒಬ್ಬರು ಗಲ್ಲಕ್ಕೆ ಟವೆಲು ಸುತ್ತಿ ನಿಂತಿದ್ದರು. ನೋಡಿದರೆ ಕರೆವ್ವನ ಮಾವ, ಬೀಗರು ಪ್ರಭುಲಿಂಗಪ್ಪ.

"ಏನ್ರಿ ಬೀಗರ, ಇಲ್ಲೆ?"

"ನಾಳಿ ನಿಮ್ಮ ಜೋಡಿ ಕುಂತು ಉಣ್ಣಬೇಕಲ್ರಿ. ಹಲ್ಲು ಜೀವಾ ತಿನ್ನಾಕತ್ತೈತಿ. ಈ ಪಾಳಿ ಮುಗಿಯೂದ್ರಾಗ ನಮ್ಮೂರ ಬಸ್ಸು ಹೋಗಿರತೈತಿ."

ಬೀಗರಿಗೆ ಉಪಕಾರ ಮಾಡುವ ಭಾಗ್ಯ ದಿನಾ ಬರುವುದಿಲ್ಲ. ಗೋಣೆಪ್ಪ ಎದೆ ಉಬ್ಬಿಸಿದ. "ಪಾಳಿ ಯಾಕ್ರಿ? ಈಗ 'ಜಕ್ಕಲಿ ಗೋಣೆಪ್ಪ' ಅಂತ ಕರೀತಾರ. ಹೂಂ ಅಂದು ಒಳಗ ಹೋಗಿ ಬಾಯಿ ತಗೀರಿ. ಒಂದು ಸೂಜಿ, ಇರಿವಿ ಕಡದಂಗ. ಆರಾಮ."

ಪ್ರಭುಲಿಂಗಪ್ಪ ಕೈಮುಗಿದರು.

ಗೆದ್ದ ಖುಷಿಗೆ ಗೋಣೆಪ್ಪ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತರಿಸಿ, ಬೇಕೆಂದೇ ಆ ಹಲ್ಲಿನಿಂದಲೇ ಅಗಿದ. ಅಷ್ಟರಲ್ಲಿ ಶಾಲೆಯ ಕಡೆಯಿಂದ ಒಂದು ಚೀರು ಕೇಳಿತು. ಪೇಟೆಯ ಮಾಳಿಗೆಗಳ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು.

"ಯಾರೋ ಏನೋ, ಪಾಪ," ಎಂದು ಗೋಣೆಪ್ಪ ಇನ್ನೊಂದು ಭಜಿಗೆ ಕೈ ಹಾಕಿದ.

ಆ ಭಜಿ ಮುಗಿಯಲಿಲ್ಲ. ಜೋಮು ಇಳಿಯಿತು. ನೋವು ತವರಿಗೆ ಹೋಗಿ ಬಳಗ ಕಟ್ಟಿಕೊಂಡು ಬಂದಂತೆ ಬಂತು. ಗಲ್ಲ ಹಿಡಿದು ತಲೆ ಎತ್ತಿದರೆ ಎದುರಿಗೆ ಪ್ರಭುಲಿಂಗಪ್ಪ. ಅವರು ಬಾಯೊಳಗಿನ ಅರಳೆ ತೆಗೆದರು.

"ಸೂಜಿ ಇಲ್ಲರಿ ಬೀಗರ. ಗೋಣೆಪ್ಪಗ ಆಗಲೇ ಆಗೇತಿ ಅಂದ್ರು. ಇಬ್ಬರು ಹಿಡಕೊಂಡ್ರು, ಒಬ್ಬರು ಕಿತ್ತರು."

"ಬ್ಯಾನಿ... ಹೋತಿಲ್ರಿ?"

"ಹೋತು. ಬ್ಯಾನಿ ಹೋತು, ಜೀವಾ ಅರ್ಧ ಹೋತು." ಕಾಗದದ ಸಣ್ಣ ಪೊಟ್ಟಣವೊಂದನ್ನು ಗೋಣೆಪ್ಪನ ಅಂಗೈಯಲ್ಲಿಟ್ಟರು. "ನಿಮ್ಮ ಹೆಸರಿಗೆ ಕಿತ್ತ ಹಲ್ಲು, ನೀವ ಇಟ್ಕೋರಿ. ನನಗ ನಾಳಿ ಗಂಜಿ ಹೇಳ್ಯಾರ. ನಾ ಎದುರಿಗೆ ಕುಂತು ನಿಮಗ ಹೋಳಿಗಿ ನೀಡಸ್ತೀನಿ. ಸಾಕು ಅಂದೀರಿ, ನೋಡ್ರಿ."

ಗೋಣೆಪ್ಪ ಶಾಲೆಗೆ ಓಡಿದ. ಹೊತ್ತಾಯಿತೆಂದು ಉಳಿದ ಪಾಳಿಯವರನ್ನು ಕಳಿಸಿ, ಡಾಕ್ಟರುಗಳ ಮೋಟಾರು ನರಗುಂದದ ಹಾದಿಗೆ ತಿರುಗಿತ್ತು. ಮಿಕ್ಕ ಸಾಮಾನು ಕಟ್ಟಲು ಕಂಪೌಂಡರನೊಬ್ಬನೇ ಉಳಿದಿದ್ದ.

"ತಡೀರಿ, ನನ್ನ ಹಲ್ಲು ಕೀಳೂದು ಐತಿ. ನಾ ಜಕ್ಕಲಿ ಗೋಣೆಪ್ಪ."

ಕಂಪೌಂಡರ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಸುಳ್ಳು ಹೇಳಬ್ಯಾಡ. ಗೋಣೆಪ್ಪನ ಹಲ್ಲು ಕೀಳೂಮುಂದ ಅವನ ಕಾಲು ಹಿಡಿದಾವ ನಾನು."

ಗೋಣೆಪ್ಪ ಬಾಯಿ ತೆರೆದು ತೋರಿಸಿದ. ಕಂಪೌಂಡರ ಬಾಗಿಲು ಹಾಕಿಕೊಂಡ.