ಕಚೇರಿಯ ಎಡಭಾಗ ಕೊಡಿಗೇನಹಳ್ಳಿಯಲ್ಲಿ

ಮಧುಗಿರಿಯ ಸಮನ್ವಯ ಇಲಾಖೆಯ ಹೊಸ ಕಚೇರಿಗೆ ಸೇರಿದ ಶೌಚಾಲಯವು ಕೊಡಿಗೇನಹಳ್ಳಿಯಲ್ಲಿದೆ. ಹಿಂದೂಪುರದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದರೆ ಮುಕ್ಕಾಲು ಗಂಟೆ. ಈ ಬಗ್ಗೆ ಸಾರ್ವಜನಿಕರಲ್ಲಿ ತಪ್ಪು ಕಲ್ಪನೆಗಳಿರುವುದರಿಂದ ನಡೆದದ್ದನ್ನು ತಿಳಿಸಲಾಗಿದೆ.

ಮನುಷ್ಯರು ನಕ್ಷೆ ಬರೆದರೆ ಪಕ್ಷಪಾತವಾಗುತ್ತದೆಂದು ಇಲಾಖೆ ಆ ಕೆಲಸವನ್ನು ‘ವಿನ್ಯಾಸಮಿತ್ರ’ ಎಂಬ ತಂತ್ರಾಂಶಕ್ಕೆ ವಹಿಸಿತು. ಯಾವ ಕೋಣೆ ಯಾವುದರ ಪಕ್ಕ ಇರಬೇಕು, ಯಾವುದರಿಂದ ದೂರ ಇರಬೇಕು ಎಂದು ಹೇಳಿದರೆ ಸಾಕು, ಎಲ್ಲ ಷರತ್ತಿಗೂ ಹೊಂದುವ ನಕ್ಷೆಯನ್ನು ಅದು ಹುಡುಕಿ ಕೊಡುತ್ತದೆ. ಅದನ್ನು ನಡೆಸಲು ಶಿರಾದಿಂದ ಆರ್ಕಿಟೆಕ್ಟ್ ಜೈಬಾ ಬಂದರು.

ಮುಖ್ಯಾಧಿಕಾರಿ ವೃಷಭೇಂದ್ರಪ್ಪನವರು ಒಂದೇ ಷರತ್ತು ಹಾಕಿದರು. ಶೌಚಾಲಯ ತಮ್ಮ ಕೊಠಡಿಯ ಹತ್ತಿರ ಬೇಡ. ಅಧೀಕ್ಷಕರೂ ತಮ್ಮ ಹತ್ತಿರ ಬೇಡ ಎಂದರು. ಗುಮಾಸ್ತರು ಒಬ್ಬೊಬ್ಬರಾಗಿ ಬೇಡ ಎಂದರು. ಕಡತಗಳಿಗೆ ಮಾತು ಬಾರದ ಕಾರಣ ಅವುಗಳ ಪರವಾಗಿ ಜವಾನರು ಬೇಡ ಎಂದರು. ಈಶಾನ್ಯದಲ್ಲಿ ದೇವರ ಪಟ ಬರುವುದಿತ್ತು, ಅಲ್ಲೂ ಬೇಡ. ಕೊನೆಗೆ ಯಾರೋ ಭಕ್ತಿಯಿಂದ ಇನ್ನೊಂದು ಸೇರಿಸಿದರು: ಕೂತವರು ಬೆಟ್ಟಕ್ಕೆ ಮುಖವನ್ನೂ ಮಾಡಬಾರದು, ಬೆನ್ನನ್ನೂ ಹಾಕಬಾರದು, ಬೆಟ್ಟ ಅವರಿಗೆ ಕಾಣಲೂಬಾರದು. ಮಧುಗಿರಿಯಲ್ಲಿ ಬೆಟ್ಟ ಕಾಣದಿರಬೇಕಾದರೆ ಬೆಟ್ಟದ ಒಳಗೇ ಇರಬೇಕು.

“ಸರ್, ಇಷ್ಟೆಲ್ಲ ಹಾಕಿದ್ರೆ ಸೈಟಲ್ಲಿ ಜಾಗಾನೇ ಉಳಿಯಲ್ಲ,” ಎಂದರು ಜೈಬಾ.

“ಹಾಗಾದ್ರೆ ಸೈಟಲ್ಲೇ ಇರಬೇಕು ಅನ್ನೋ ಷರತ್ತು ತೆಗೆದುಬಿಡಮ್ಮ. ಅದನ್ನ ನಾವ್ಯಾರೂ ಹಾಕಿಲ್ಲ,” ಎಂದರು ವೃಷಭೇಂದ್ರಪ್ಪ.

ತೆಗೆಯಲಾಯಿತು. ವಿನ್ಯಾಸಮಿತ್ರ ಒಂದು ಮಧ್ಯಾಹ್ನ ಯೋಚಿಸಿ, ಸರ್ಕಾರದ ಸಹಾಯಧನದಲ್ಲಿ ಕಟ್ಟಿದ್ದ, ದಾಖಲೆಯಲ್ಲಿ ಫೋಟೋ ಸಮೇತ ಇದ್ದ, ಸರ್ವರಿಂದಲೂ ದೂರವಿದ್ದ ಒಂದು ಶೌಚಾಲಯವನ್ನು ನಕ್ಷೆಗೆ ಸೇರಿಸಿತು. ಹಿಂದೂಪುರದ ರಸ್ತೆಗೆ ‘ಕಾರಿಡಾರ್’ ಎಂದು ಹೆಸರು ಕೊಟ್ಟಿತು. ಫೋಟೋದಲ್ಲಿ ಬಾಗಿಲ ಮುಂದೆ ನಗುತ್ತ ನಿಂತಿದ್ದವರು ಕೊಡಿಗೇನಹಳ್ಳಿಯ ಅಶ್ವತ್ಥಮ್ಮ. ಮಂಡಿನೋವಿನಲ್ಲಿ ಹೊಲದ ಕಡೆ ಹೋಗಲಾರದೆ, ಹಿತ್ತಿಲಲ್ಲಿ ಅದನ್ನು ಕಟ್ಟಿಸಿಕೊಂಡು ನೆಮ್ಮದಿಯಾಗಿದ್ದರು.

ಕಚೇರಿ ಉದ್ಘಾಟನೆಯಾದ ಮರುದಿನವೇ ಅವರು ಮಧುಗಿರಿಗೆ ಬಂದರು.

“ಸಾಮಿ, ಅದು ನಮ್ಮನೇದು ಕಣಪ್ಪ! ನಿಮ್ ಗುಮಾಸ್ತ್ರು ಬೆಳಿಗ್ಗೆಯಿಂದ ಚಿಲ್ಕ ಹಾಕ್ಕಂಡು ಫೋನ್ ನೋಡ್ಕಂಡು ಕುಂತವ್ರೆ. ನಾನೆಲ್ಲಿಗೋಗ್ಲಿ?”

“ನಕ್ಷೆ ಪ್ರಕಾರ ಅದು ಈ ಕಚೇರಿಯ ಎಡಭಾಗ, ತಾಯಿ,” ಎಂದರು ವೃಷಭೇಂದ್ರಪ್ಪ.

“ಎಡಕ್ಕಾರ ಇರ್ಲಿ, ಬಲಕ್ಕಾರ ಇರ್ಲಿ, ಕಟ್ಸಿದ್ದು ನಾನು!”

“ನಿಮಗಿಲ್ಲ ಅಂದೋರು ಯಾರು? ಕಚೇರಿಗೆ ಬಂದ ಸಾರ್ವಜನಿಕರೆಲ್ಲ ಬಳಸಬಹುದು. ಕಚೇರಿಗೆ ಬರಬೇಕು, ಅಷ್ಟೇ.”

“ಈಗ ಬಂದಿವ್ನಲ್ಲ ನಾನು!”

“ಹಾಗಾದ್ರೆ ಹೋಗಿ. ನಮ್ಮ ಬಸ್ಸು ಹೊರಗೆ ನಿಂತಿದೆ.”

ಅಶ್ವತ್ಥಮ್ಮ ಆ ಬಸ್ಸಿನಲ್ಲಿ ತಮ್ಮ ಹಿತ್ತಿಲು ತಲುಪಿದರು. ಪರಿಹಾರ ದೊರೆತಿದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಯಿತು. ಅವರ ಮನೆಯ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು:

‘ಶೌಚಾಲಯಕ್ಕೆ ಕಚೇರಿಯ ಮೂಲಕವೇ ಪ್ರವೇಶ. ಕೊಡಿಗೇನಹಳ್ಳಿಯ ಕಡೆಯಿಂದ ನೇರವಾಗಿ ನುಗ್ಗಿದರೆ ಕಚೇರಿಯ ಗೋಡೆ ಹಾರಿದಂತೆ ಪರಿಗಣಿಸಲಾಗುವುದು. ತುರ್ತು ಇರುವವರು ಹಿಂದಿನ ದಿನವೇ ತಿಳಿಸತಕ್ಕದ್ದು.’

ಜೈಬಾ ತಡೆಯಲಾರದೆ, “ಸರ್, ಇಲ್ಲೇ ಮೂಲೇಲಿ ನಾಲ್ಕು ಗೋಡೆ ಎಬ್ಬಿಸಿಬಿಡೋಣ,” ಎಂದರು. ಸಿಬ್ಬಂದಿ ಒಕ್ಕೊರಲಿನಿಂದ ವಿರೋಧಿಸಿದರು. ಆಗಲೇ ಅವರಿಗೆ ಕಾರಿಡಾರು ಒಗ್ಗಿಹೋಗಿತ್ತು. ದಾರಿಯಲ್ಲಿ ತರಕಾರಿ ಅಗ್ಗ, ಗಾಳಿ ಚೆನ್ನ. ಸಾಹೇಬರನ್ನು ಕೇಳಿಕೊಂಡು ಬಂದವರಿಗೆ “ಕಾರಿಡಾರಿನಲ್ಲಿದ್ದಾರೆ” ಎಂದರೆ ಸಾಕು, ಅವರು ಬಸ್ ನಿಲ್ದಾಣಗಳಲ್ಲಿ ಅರ್ಜಿ ಹಿಡಿದು ಕಾಯುತ್ತಿದ್ದರು. ರಸ್ತೆಗೆ ಕುರಿ ಹೊಡೆದುಕೊಂಡು ಬಂದವನೊಬ್ಬನಿಗೆ ಕಚೇರಿಯೊಳಗೆ ಕುರಿ ತಂದದ್ದೇಕೆಂದು ನೋಟಿಸು ಹೋಯಿತು. ಅವನು ಕ್ಷಮೆ ಕೇಳಿದ, ಕುರಿಗಳ ಪರವಾಗಿಯೂ.

ಅಶ್ವತ್ಥಮ್ಮನಿಗೂ ರೂಢಿಯಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವರದೇ ಎಂದು ಎಲ್ಲರೂ ಒಪ್ಪಿದ್ದರು.

ಒಂದು ಬೆಳಿಗ್ಗೆ ಗಂಡ ಕೆಂಪಯ್ಯ ಚೊಂಬು ಹಿಡಿದು ಅವಸರದಲ್ಲಿ ಹಿತ್ತಿಲಿಗೆ ನಡೆದರು. ಬಾಗಿಲು ತೆರೆದೇ ಇತ್ತು.

“ಅಯ್, ಎತ್ಲಾಗ್ ನುಗ್ತಿದ್ದೀಯ?” ಅಶ್ವತ್ಥಮ್ಮ ಅಡ್ಡ ನಿಂತರು.

“ಯಾರೂ ಇಲ್ವಲ್ಲ ಕಣಮ್ಮಿ, ಬುಡು ದಾರಿ!”

“ಯಾರೂ ಇಲ್ಲ ಅಂತ ಗೋಡೆ ಹಾರಾದಾ? ಆಪೀಸಿನ ಮರ್ವಾದೆ ಕಳೀಬ್ಯಾಡ. ಸಂದಾಕೆ ಮದ್ಗಿರಿಗೋಗಿ ಬಾ.”

ಕೆಂಪಯ್ಯ ತೆರೆದ ಬಾಗಿಲನ್ನು ಒಮ್ಮೆ ನೋಡಿದರು. ಚೊಂಬನ್ನು ಬಗಲಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ಬಿರುಸಾಗಿ ಹೆಜ್ಜೆ ಹಾಕಿದರು.

“ಸೀಟ್ ಹಿಡ್ದಿರು,” ಅಶ್ವತ್ಥಮ್ಮ ಹಿಂದಿನಿಂದ ಕೂಗಿದರು, “ನಾನೂ ಬತ್ತೀನಿ!”