ಸ್ವಿಚ್ಚಪ್ಪನ ಬಿಡುಗಡೆ

ಬಿಡುಗಡೆ ಮಾಡುವ ಅವಸರದಲ್ಲಿ ಸ್ವಿಚ್ಚಪ್ಪ ಒಂದೇ ಒಂದು ಸಾಲು ಅಳಿಸುವುದನ್ನು ಮರೆತ. ಸ್ವಿಚ್ಚಪ್ಪ ಎನ್ನುವುದು ಕಟ್ಟಡದವರು ಇಟ್ಟ ಹೆಸರು. ಮನೆಯ ದೀಪ, ಫ್ಯಾನು, ಪರದೆ, ಬಾಗಿಲು ಎಲ್ಲವನ್ನೂ ಫೋನಿನಿಂದಲೇ ನಡೆಸುವ ತಂತ್ರಾಂಶವನ್ನು ಅವನು ವರ್ಷಗಟ್ಟಲೆ ನಿದ್ದೆಗೆಟ್ಟು ಬರೆದಿದ್ದ. ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಅಂದು ಬೆಳಿಗ್ಗೆ ಪುಕ್ಕಟೆಯಾಗಿ ಲೋಕಕ್ಕೆ ಬಿಟ್ಟ. ಅಳಿಸದೆ ಉಳಿದ ಸಾಲಿನಲ್ಲಿದ್ದದ್ದು ಅವನದೇ ಮನೆಯ ಗುರುತುಸಂಖ್ಯೆ.

ಹೆಂಡತಿ ಕೆಲಸಕ್ಕೆ ಹೊರಡುತ್ತಾ ಬಾಗಿಲಲ್ಲಿ ನಿಂತು ಹೇಳಿದ್ದಳು: "ಸಂಜೆ ನಾನು ಬರೋ ಹೊತ್ತಿಗೆ ಮನೆ ಮನೆ ಥರ ಇರ್ಬೇಕು. ಇಲ್ಲಾಂದ್ರೆ ಇದನ್ನೆಲ್ಲ ನಡೆಸೋ ನಿಮ್ಮ ಯಂತ್ರದ ಡಬ್ಬಗಳೆಲ್ಲ ಗುಜರಿಗೆ."

ಆಕೆ ಹೇಳಿದ್ದನ್ನು ಮಾಡುವವಳು. ಸ್ವಿಚ್ಚಪ್ಪನಿಗೆ ಅದೇ ಭಯ.

ಅವಳು ಹೋದ ಸ್ವಲ್ಪ ಹೊತ್ತಿಗೆ ಫ್ಯಾನು ತಾನಾಗಿ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಅವನು ಬರೀ ಟವೆಲ್ಲಿನಲ್ಲಿದ್ದಾಗ ಕಿಟಕಿಯ ಪರದೆ ಸರ್ರನೆ ಸರಿಯಿತು. ಎದುರು ಮನೆಯಾಕೆ ಹಲ್ಲುಜ್ಜುತ್ತಿದ್ದವಳು ಒಳಗೆ ಓಡಿದಳು. ದೀಪಗಳಂತೂ ಕಣ್ಣು ಹೊಡೆಯುವ ಪುಂಡರಂತೆ ಮಿಣುಕುತ್ತಿದ್ದವು.

ಅಷ್ಟರಲ್ಲಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು, ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಇಬ್ಬರೂ ದೂರು ಹೊತ್ತು ಬಂದರು. ಬೆಳಿಗ್ಗೆಯೇ ಅವನ ತಂತ್ರಾಂಶ ಹಾಕಿಕೊಂಡಿದ್ದರಂತೆ. ಎಷ್ಟು ಒತ್ತಿದರೂ ಒಂದು ಬಲ್ಬೂ ಹತ್ತಲಿಲ್ಲವೆಂದು ಡಾಕ್ಟರು ಕೂಗಾಡಿದರು.

"ನಾನು ಫ್ಯಾನ್ ಒತ್ತಿದೆ," ಎಂದರು ಮೇಷ್ಟ್ರು. "ಎಲ್ಲೋ ತಿರುಗಿದ ಸದ್ದು ಕೇಳಿಸ್ತು. ನಮ್ಮನೇಲಲ್ಲ."

ಸ್ವಿಚ್ಚಪ್ಪನಿಗೆ ಅಳಿಸದ ಸಾಲು ನೆನಪಾಯಿತು: ಯಾರು ಒತ್ತಿದರೂ ಅಪ್ಪಣೆ ಬರುತ್ತಿದ್ದದ್ದು ತನ್ನ ಮನೆಗೇ. ಅವರನ್ನು ಹೇಗೋ ಸಾಗಹಾಕಿ, ಕಂಪ್ಯೂಟರಿಗೆ ಅಂಟಿಕೊಂಡು ಆ ಸಾಲು ಕಿತ್ತೆಸೆದ. ಇನ್ನು ಮುಂದೆ ಅವರವರ ಮನೆಯ ಸಂಖ್ಯೆ ಅವರವರೇ ಕೊಡಬೇಕು. ಎರಡನೆಯ ಬಿಡುಗಡೆಯೂ ಆಯಿತು. ಫೋನು ಹಿಡಿದು ಡಾಕ್ಟರ ಮನೆಗೆ ಓಡಿ ಅದನ್ನು ತಾನೇ ಹಾಕಿಕೊಟ್ಟ. ಅವರ ಬಲ್ಬು ಹತ್ತಿತು. ಮೇಷ್ಟ್ರು ಮಾತ್ರ ತಮ್ಮ ಫೋನು ಮುಟ್ಟಗೊಡಲಿಲ್ಲ. ತಮಗೂ ಕಣ್ಣಿದೆ, ತಾವೇ ಹಾಕಿಕೊಳ್ಳುವುದಾಗಿ ಹೇಳಿ ಸಾಗಹಾಕಿದರು.

ಹೊರಗೆ ನಿಂತು ಆಲಿಸಿದರೆ ತನ್ನ ಮನೆ ತಣ್ಣಗಿತ್ತು. ಎಂಥ ನೆಮ್ಮದಿ. ಸಿಳ್ಳೆ ಹಾಕುತ್ತಾ ಬಾಗಿಲಿಗೆ ಬಂದ. ಬಾಗಿಲು ತಾನಾಗಿ ಬೀಗ ಹಾಕಿಕೊಂಡಿತ್ತು. ಅವನ ಫೋನೂ ಹೊಸ ತಂತ್ರಾಂಶವನ್ನೇ ಹಾಕಿಕೊಂಡು ಮನೆಯ ಸಂಖ್ಯೆ ಕೇಳುತ್ತಿತ್ತು. ಉದ್ದದ ಸಂಖ್ಯೆ, ಬಾಯಿಪಾಠವಿಲ್ಲ. ಅದನ್ನು ಬರೆದಿದ್ದದ್ದು ಮನೆಯೊಳಗಿನ ಯಂತ್ರದ ಡಬ್ಬದ ಬೆನ್ನ ಮೇಲೆ.

ನೆನಪಾದ ಅಂಕಿಗಳನ್ನೆಲ್ಲ ಒತ್ತಿ ಒತ್ತಿ ಸಂಜೆಯಾಯಿತು. ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಮುಚ್ಚಿದ ಬಾಗಿಲನ್ನೂ ಗಂಡನ ಮುಖವನ್ನೂ ನೋಡಿದಳು. ಫೋನು ತೆಗೆದು ಗುಜರಿಯವನ ನಂಬರು ಹುಡುಕತೊಡಗಿದಳು.

ಮೇಲಿನಿಂದ ಮೇಷ್ಟ್ರು ಬಗ್ಗಿ ನೋಡಿದರು.

"ಯಾಕಮ್ಮಾ, ಹೊರಗೇ ನಿಂತಿದ್ದೀರಿ? ತಾಳಿ, ನನ್ನ ಹತ್ರ ನಿಮ್ಮನೆ ನಡೆಸೋ ಹಳೇದೇ ಇದೆ. ಹೊಸದು ಹಾಕ್ಕೊಳ್ಳೋಕೆ ಬರ್ಲಿಲ್ಲ."

ಅವರು ಒತ್ತಿದರು. ಬಾಗಿಲು ಕ್ಲಿಕ್ಕೆಂದು ತೆರೆಯಿತು, ದೀಪ ಹತ್ತಿತು, ಫ್ಯಾನು ತಿರುಗಿತು. ಸ್ವಿಚ್ಚಪ್ಪನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಮುಖವೂ ಅರಳಿತು. ಗುಜರಿಯ ಮಾತು ಅಲ್ಲಿಗೇ ನಿಂತಿತು.

ಸೋಫಾದಲ್ಲಿ ಕುಸಿದು ಕೂತವನು, ಮೇಷ್ಟ್ರ ಫೋನಿಗೂ ಹೊಸದನ್ನು ಹಾಕಿ ಬರುತ್ತೇನೆಂದು ಎದ್ದ.

"ಸುಮ್ನೆ ಕೂತ್ಕೊಳ್ಳಿ," ಎಂದಳು ಹೆಂಡತಿ. "ಇಷ್ಟು ವರ್ಷದಲ್ಲಿ ಈ ಮನೆ ಮೊದಲ್ನೇ ಸಲ ಸರಿಯಾಗಿ ನಡೀತಿದೆ. ಇನ್ಮೇಲೆ ಅವರ ಹತ್ರಾನೇ ಇರ್ಲಿ."

ಆಮೇಲೆ ಕಿಟಕಿಗೆ ಹೋಗಿ ಮೇಲಕ್ಕೆ ಮುಖ ಮಾಡಿದಳು: "ಮೇಷ್ಟ್ರೇ, ಫ್ಯಾನ್ ಒಂಚೂರು ಕಮ್ಮಿ ಮಾಡ್ತೀರಾ?"