ಮಲಗಿದಲ್ಲೇ ಪಿಟೀಲು ಸಾಧನೆ

ಮುಂದಿನ ವರ್ಷ ಮಾವನವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಬಂಧುಬಳಗದ ಎದುರು ಪಿಟೀಲು ನುಡಿಸಿ ಎಲ್ಲರ ಕಣ್ಣಲ್ಲೂ ನೀರು ತರಿಸುತ್ತೇನೆ ಎಂದು ನಾನು ಘೋಷಿಸಿದ್ದು ಹೊಟ್ಟೆ ಬಿರಿಯ ಊಟ ಮಾಡಿದ ಮೇಲೆ. ತುಂಬಿದ ಹೊಟ್ಟೆಯವನ ಮಾತನ್ನು ಯಾರೂ ನಂಬಬಾರದು. ಮಾವನವರು ನಂಬಿದರು!

ನಂಬಿ, ತಮ್ಮ ಸ್ವಂತ ಪಿಟೀಲನ್ನೇ ತಂದು ನನ್ನ ಮಡಿಲಿಗಿಟ್ಟರು. ಕೈ ನಡುಗಲು ಶುರುವಾದ ಮೇಲೆ ಅವರು ಅದನ್ನು ನುಡಿಸಿರಲಿಲ್ಲ.

"ಪೆಟ್ಟಿಗೆಯೊಳಗೆ ಸಾಯೋದಕ್ಕಿಂತ ನಿಮ್ಮ ಕೈಲಿ ಬದುಕಲಿ, ಅಳಿಯಂದಿರೇ."

"ಇವರ ಕೈಲಿ ಬದುಕುತ್ತಾ? ಇವರು ಬಸ್ ಮೆಕ್ಯಾನಿಕ್ಕು ಅಪ್ಪಾ!" ಎಂದಳು ನನ್ನವಳು.

"ಎಷ್ಟು ಬಸ್ಸುಗಳ ಅಪಸ್ವರ ತಿದ್ದಿದ ಕೈ ಕಣೇ ಇದು! ನಾಲ್ಕು ತಂತಿ ಯಾವ ಲೆಕ್ಕ?" ಎಂದು ಗುಡುಗಿದೆ.

ನನ್ನದು ಡಿಪೋದಲ್ಲಿ ಬೆಳಗಿನ ಪಾಳಿ. ಕೋಳಿಯನ್ನೂ ನಾನೇ ಎಬ್ಬಿಸಿ ಹೋಗಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತೇನೆ. ಊಟವಾದ ಕೂಡಲೇ ಕೋಣೆಯ ಬಾಗಿಲು ಹಾಕಿಕೊಂಡು ಸಾಧನೆ ಎಂದು ನಿಯಮವಾಯಿತು. ಮೊದಲ ದಿನವೇ ಬೋಲ್ಟು ಬಿಗಿದಂತೆ ಬಿರಡೆ ತಿರುಗಿಸಿ ಒಂದು ತಂತಿ ಹರಿದೆ. ಆಮೇಲೆ ಕುಯ್ಯತೊಡಗಿದೆ. ಪಕ್ಕದ ಮನೆಯವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿಕೊಂಡರು. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ! ನಾನು ಹಾಡುವ ಪಾಲು ವಹಿಸಿಕೊಂಡೆ, ನರಳುವುದನ್ನು ಅವರಿಗೆ ಬಿಟ್ಟೆ.

ಆದರೆ ಆ ಕೋಣೆಯಲ್ಲಿ ಮಂಚವೊಂದಿತ್ತು, ನೋಡಿ. ಮುಂದಿನ ವರ್ಷದ ಚಪ್ಪಾಳೆ ಎಲ್ಲೋ ದೂರದಲ್ಲಿ, ದಿಂಬು ಮಾತ್ರ ಒಂದು ಮೊಳದಲ್ಲಿ! ಚಪ್ಪಾಳೆಯಾದರೆ ಕಾಯುತ್ತದೆ, ಊಟದ ಮೇಲಿನ ನಿದ್ದೆ ಕಾಯುತ್ತದೆಯೇ? ಒಂದು ದಿನ ನನ್ನ ಸಾಧನೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮರುದಿನದಿಂದ ಅದನ್ನೇ ಸ್ಪೀಕರಿಗೆ ಹಾಕಿ, ಮುಸುಕೆಳೆದು ಮಲಗಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ!

ನಮ್ಮ ಮನೆಯಲ್ಲೇ ಇದ್ದ ಮಾವನವರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ದಿನವೂ ಕೇಳುತ್ತಿದ್ದರು. ಒಮ್ಮೆ ಅವರ ಮಾತು ನನ್ನ ಮುಸುಕಿನೊಳಕ್ಕೂ ಬಂತು.

"ಎಂಥ ಶ್ರದ್ಧೆ ನೋಡಮ್ಮಾ! ಒಂದೇ ತಪ್ಪನ್ನ ದಿನಾ ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಮಾಡ್ತಾರೆ!"

ಎದೆ ಚುರುಕ್ ಎಂದಿತು. ಮುಸುಕನ್ನು ಇನ್ನಷ್ಟು ಎಳೆದುಕೊಂಡೆ.

ಆ ದಿನ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಗಂಟಲು ಒಣಗಿ ಎಚ್ಚರವಾಯಿತು. ಎಚ್ಚರವೆಂದರೆ ಕಾಲಿಗೆ ಮಾತ್ರ, ತಲೆ ಇನ್ನೂ ಮಲಗಿತ್ತು! ಹೊದಿಕೆ ಸುತ್ತಿಕೊಂಡೇ ಹೊರಬಂದು, ಹೊಟ್ಟೆ ಕೆರೆದುಕೊಳ್ಳುತ್ತ ಅಡುಗೆಮನೆಗೆ ಹೋಗಿ, ಒಂದು ಚೊಂಬು ನೀರು ಗಟಗಟ ಕುಡಿದು ತಿರುಗಿದೆ. ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿದ್ದ ಮಾವನವರ ಬೆರಳು ಗಾಳಿಯಲ್ಲೇ ನಿಂತಿತ್ತು. ಬಟ್ಟೆ ಮಡಿಸುತ್ತಿದ್ದ ನನ್ನವಳ ಕೈಯಲ್ಲಿ ನನ್ನ ಅಂಗಿ ನೇತಾಡುತ್ತಿತ್ತು. ಕೋಣೆಯೊಳಗೆ ಪಿಟೀಲು ತನ್ನ ಪಾಡಿಗೆ ತಾನು ಕುಯ್ಯುತ್ತಲೇ ಇತ್ತು!

"ಅದು... ಪ್ರತಿಧ್ವನಿ, ಮಾವ," ಎಂದೆ.

"ಪಿಟೀಲು ಬಿಟ್ಟು ಎದ್ದು ಬಂದ್ರೂ ನಾದ ನಿಲ್ಲಲಿಲ್ಲ," ಎಂದರು ಮಾವನವರು. "ಇಂಥ ಸಿದ್ಧಿ ನನಗೂ ಒಲಿದಿರಲಿಲ್ಲ!"

ನನ್ನವಳು ಅಂಗಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮಾವನವರು ನಗಲಿಲ್ಲ. ಮೆಲ್ಲಗೆ ಒಳಗೆ ಹೋಗಿ, ಪಿಟೀಲು ಎತ್ತಿ, ಅದರ ಮೇಲಿನ ಧೂಳನ್ನು ತಮ್ಮ ತೋಳಿನಿಂದ ಒರೆಸಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ!

"ನಾಳೆಯಿಂದ ನಾನೂ ಒಳಗೇ ಕೂರ್ತೀನಿ," ಎಂದರು ಅಷ್ಟೇ.

ಕೋಣೆಯಲ್ಲಿ ಕೂರಲು ಇದ್ದದ್ದು ನನ್ನ ಮಂಚ ಒಂದೇ. ಮರುದಿನ ಅವರು ಅದರ ಮೇಲೆ ಕೂತರು. ನಾನು ನಿಂತೆ. ನಾಚಿಕೆಗೋ ಭಯಕ್ಕೋ, ಕಣ್ಣು ಮುಚ್ಚಿ ಮನಸ್ಸಿಟ್ಟು ನುಡಿಸಿದೆ. ಎಷ್ಟು ತನ್ಮಯನಾದೆನೆಂದರೆ ತಲೆ ತಾನಾಗಿಯೇ ತೂಗತೊಡಗಿತು. ಕಣ್ಣು ಬಿಟ್ಟು ನೋಡುತ್ತೇನೆ, ಮಾವನವರು ನನ್ನ ದಿಂಬಿನ ಮೇಲೆ, ನನ್ನ ಹೊದಿಕೆಯೊಳಗೆ, ಗಾಢ ನಿದ್ದೆಯಲ್ಲಿ!

ಹೊಟ್ಟೆ ಉರಿಯಿತು. ಮಂಚದ ಅಂಚಿನಲ್ಲಿ ಒಂದಿಷ್ಟು ಜಾಗ ಕಂಡಿತು. ಕಮಾನು ಕೆಳಗಿಟ್ಟು ಮೆಲ್ಲಗೆ ಒಂದು ಕಾಲು ಏರಿಸುವಷ್ಟರಲ್ಲಿ ಬಾಗಿಲು ತೆರೆಯಿತು.

"ಯಾಕೆ ನಿಲ್ಲಿಸಿದ್ರಿ?" ನನ್ನವಳು ಪಿಸುಗುಟ್ಟಿದಳು.

"ನಿಮ್ಮಪ್ಪ ಮಲಗಿಬಿಟ್ರು ಕಣೇ. ಕೇಳೋರೇ ಇಲ್ಲ!"

"ಸದ್ದು ನಿಂತ್ರೆ ಎದ್ದುಬಿಡ್ತಾರೆ! ಅಮ್ಮ ಹೋದಾಗಿನಿಂದ ಅವರಿಗೆ ಸರಿಯಾಗಿ ನಿದ್ದೆಯೇ ಇಲ್ಲ. ಯಾವ ಡಾಕ್ಟರ ಮಾತ್ರೆಗೂ ಬಗ್ಗಿರಲಿಲ್ಲ." ಅವಳು ಬಾಗಿ ಅಪ್ಪನ ಪಾದಕ್ಕೆ ಹೊದಿಕೆ ಎಳೆದಳು. ದನಿ ಮೆತ್ತಗಾಗಿತ್ತು.

"ಹಾಗಾದ್ರೆ ಆ ರೆಕಾರ್ಡ್ ಹಾಕ್ಲಾ?"

"ಅದನ್ನ ಅಷ್ಟು ದಿನ ಕೇಳಿದ್ರಲ್ಲ, ಒಂದು ದಿನವಾದ್ರೂ ತೂಕಡಿಸಿದ್ರಾ? ನೀವೇ ಎದುರಿಗೆ ನಿಂತು ನುಡಿಸಬೇಕು."

ನನ್ನ ಎದೆ ಉಬ್ಬಿತು. "ಅಂದ್ರೆ ಕೊನೆಗೂ ನನ್ನ ಸಂಗೀತದಲ್ಲಿ ಶಕ್ತಿ ಇದೆ ಅಂತ ಒಪ್ಪಿಕೊಂಡೆ!"

"ಒಪ್ಪದೆ ಉಂಟೇ?" ಎನ್ನುತ್ತ ಅವಳು ಕಮಾನನ್ನು ಎತ್ತಿ ನನ್ನ ಕೈಗಿತ್ತಳು. "ಇನ್ಮೇಲೆ ದಿನಕ್ಕೆ ಎರಡು ಸಲ ಕೊಡಿ. ಊಟ ಆದ ಮೇಲೆ!"